ನಾಗಲಮಡಿಕೆಯ ಬೆಳಕು, ಬಡತನದ ಅಳತೆ

ತುಮಕೂರು ಜಿಲ್ಲೆಯ ಉತ್ತರದ ತುದಿಯಲ್ಲಿ, ಹೆಚ್ಚುಕಡಮೆ ಎಲ್ಲ ದಿಕ್ಕುಗಳಲ್ಲಿಯೂ ಆಂಧ್ರದ ಸೀಮೆಯೇ ಸುತ್ತುವರಿದಿರುವ ಪಾವಗಡ ತಾಲ್ಲೂಕಿನೊಳಗೆ, ಮನೆಯಲ್ಲಿ ತೆಲುಗನ್ನೂ ಶಾಲೆ ಕಚೇರಿಗಳಲ್ಲಿ ಕನ್ನಡವನ್ನೂ ಒಂದೇ ಸಲಿಗೆಯಿಂದ ಆಡುವ ಜನರಿರುವ ನಾಗಲಮಡಿಕೆ ಹೋಬಳಿಯ ಹೆಸರು ಹೊರಗಿನವರ ಕಿವಿಗೆ ಬಹುಕಾಲ ಬಿದ್ದಿದ್ದುದು ಉತ್ತರ ಪಿನಾಕಿನಿಯ ದಡದಲ್ಲಿರುವ ಸುಬ್ರಹ್ಮಣ್ಯ ಕ್ಷೇತ್ರದ ನಿಮಿತ್ತವಾಗಿ ಮಾತ್ರ. ಕುಕ್ಕೆಯನ್ನು ಆದಿಯೆಂದೂ ಘಾಟಿಯನ್ನು ಮಧ್ಯವೆಂದೂ ನಾಗಲಮಡಿಕೆಯನ್ನು ಅಂತ್ಯವೆಂದೂ ಎಣಿಸುವ ಭಕ್ತರು ಇಲ್ಲಿಗೆ ಬರುತ್ತಿದ್ದರು. ಬಂದವರು ನದಿಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚಾಗಿ ಕಂಡು, ಕೆಂಪು ನೆಲದ ಮೇಲೆ ಮಳೆಯ ದಾರಿ ಕಾಯುತ್ತಿದ್ದ ಕಡಲೆಕಾಯಿ ಹೊಲಗಳನ್ನು ನೋಡಿ ಹಿಂದಿರುಗುತ್ತಿದ್ದರು. ಈಗ ಇದೇ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕು ಹರಡಿಕೊಂಡಿದೆ. 2018ರ ಮಾರ್ಚ್ 1ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ‘ಶಕ್ತಿ ಸ್ಥಳ’ವೆಂಬ ಹೆಸರಿನಲ್ಲಿ ಅದನ್ನು ಉದ್ಘಾಟಿಸಿದರು, 2019ರ ಕೊನೆಯ ಹೊತ್ತಿಗೆ ಅದು ಪೂರ್ಣ ಸಾಮರ್ಥ್ಯವನ್ನು ಮುಟ್ಟಿತು. ಬರಕ್ಕೆ ಹೆಸರಾದ ಸೀಮೆಯಲ್ಲಿ ಬಿಸಿಲೇ ಫಸಲಾದುದು ಸಂತೋಷದ ವಿಷಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಫಸಲಿನ ಲೆಕ್ಕವನ್ನು ರಾಜ್ಯವು ಯಾವ ಪುಸ್ತಕದಲ್ಲಿ, ಯಾರ ಹೆಸರಿನಲ್ಲಿ ಬರೆದುಕೊಳ್ಳುತ್ತದೆ ಎಂಬುದೊಂದೇ ನನ್ನ ಪ್ರಶ್ನೆ.

ಲೆಕ್ಕವನ್ನು ಸ್ಥೂಲವಾಗಿಯಾದರೂ ಮಾಡಿ ನೋಡಬಹುದು. ರಾತ್ರಿ, ಮೋಡ, ಧೂಳು ಇವೆಲ್ಲವನ್ನೂ ಕಳೆದು, ಯಂತ್ರಗಳು ತಮ್ಮ ಪೂರ್ಣಶಕ್ತಿಯ ಐದನೆಯ ಒಂದು ಪಾಲನ್ನು ಮಾತ್ರ ವರ್ಷಪೂರ್ತಿ ನೀಡುತ್ತವೆಂದು ಹಿಡಿದರೂ, 2,050 ಮೆಗಾವಾಟಿನಿಂದ ವರ್ಷಕ್ಕೆ ಸುಮಾರು 359 ಕೋಟಿ ಯೂನಿಟ್ ವಿದ್ಯುತ್ತು ಹುಟ್ಟುತ್ತದೆ. ಯೂನಿಟ್ಟಿಗೆ ಮೂರೇ ರೂಪಾಯಿಯೆಂದು ಇಟ್ಟುಕೊಂಡರೆ ಅದರ ಬೆಲೆ ಸಾವಿರ ಕೋಟಿ ರೂಪಾಯಿಗಳನ್ನು ಮೀರುತ್ತದೆ. ನೆಲವನ್ನು ಸರಕಾರ ಕೊಂಡುಕೊಳ್ಳಲಿಲ್ಲ. ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ ಎಂಬುದು ಅಂದಿನ ಒಪ್ಪಂದ. ಪಾರ್ಕಿನ ಎಲ್ಲ ಎಕರೆಗೂ ಬಾಡಿಗೆ ಸಂದಾಯವಾಗುತ್ತದೆಂದೇ ಭಾವಿಸಿದರೂ ಮೊದಲ ದರದಲ್ಲಿ ಅದು 27 ಕೋಟಿ 30 ಲಕ್ಷವಾಗುತ್ತದೆ. ಎಂದರೆ, ಆ ನೆಲದ ಮೇಲೆ ಹುಟ್ಟಿದ ವಿದ್ಯುತ್ತಿನ ಬೆಲೆಯಲ್ಲಿ ಆ ನೆಲದ ಒಡೆಯರ ಕೈಗೆ ಬರುವುದು ನೂರಕ್ಕೆ ಎರಡೂವರೆ. ನಡುವಣ ಏರಿಕೆಗಳನ್ನೆಲ್ಲ ಕೂಡಿಸಿಕೊಂಡರೂ ಮೂರರ ಆಸುಪಾಸು. ಉಳಿದುದು ಬಂಡವಾಳದ ಬಡ್ಡಿಯಾಗಿ, ಯಂತ್ರದ ಸವಕಳಿಯಾಗಿ, ಕಂಪನಿಗಳ ಲಾಭವಾಗಿ ದೂರದ ನಗರಗಳನ್ನು ಸೇರುತ್ತದೆ. ಬಂಡವಾಳ ಹೂಡಿದವನಿಗೆ ಪ್ರತಿಫಲ ಸಲ್ಲುವುದು ನ್ಯಾಯವೇ ಸರಿ; ಆ ಪ್ರತಿಫಲವನ್ನು ನಾಗಲಮಡಿಕೆಯವರ ಆದಾಯವೆಂದು ಕರೆಯುವುದು ಮಾತ್ರ ನ್ಯಾಯವಲ್ಲ.

ಹಾಗೆ ಯಾರು ಕರೆಯುತ್ತಾರೆ ಎಂದು ಓದುಗರು ಕೇಳಬಹುದು. ಜಿಲ್ಲೆಯ ಆಂತರಿಕ ಉತ್ಪನ್ನವೆಂಬ ಪರಿಕಲ್ಪನೆಯ ಸ್ವಭಾವವೇ ಅಂಥದು. ಉತ್ಪನ್ನವು ಎಲ್ಲಿ ಹುಟ್ಟಿತೋ ಅಲ್ಲಿನದೆಂದು ಎಣಿಸಿ, ಒಟ್ಟನ್ನು ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿ ತಲಾದಾಯವೆಂಬ ಅಂಕಿಯನ್ನು ತೆಗೆಯುತ್ತಾರೆ. ಹುಟ್ಟಿದುದು ಅಲ್ಲಿಯೇ ಉಳಿಯಿತೋ ಊರು ಬಿಟ್ಟಿತೋ ಎಂಬ ವಿಚಾರಣೆ ಆ ಭಾಗಾಕಾರದಲ್ಲಿ ಇಲ್ಲ. ಇದೇ ಕ್ರಮವನ್ನು ಹೋಬಳಿಯ ಮಟ್ಟಕ್ಕೆ ಇಳಿಸಿದರೆ, ಕೆಲವೇ ಸಾವಿರ ಮನೆಗಳಿರುವ ನಾಗಲಮಡಿಕೆಯು ರಾಜ್ಯದ ಸಿರಿವಂತ ಹೋಬಳಿಗಳ ಸಾಲಿನಲ್ಲಿ ಕುಳಿತೀತು. ಅಲ್ಲಿನ ಯುವಕರು ಅದೇ ದಿನ ಬೆಳಗ್ಗೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆಂದು ಬಸ್ಸು ಹತ್ತುತ್ತಿದ್ದರೂ ಆ ಅಂಕಿಗೆ ಅದರಿಂದ ಯಾವ ಬಾಧಕವೂ ಇರದು.

ಸಂಖ್ಯೆಗಳನ್ನು ಬಿಟ್ಟು ಮನೆಗಳಿಗೇ ಹೋಗೋಣ. ನಲವತ್ತು ಎಕರೆ ಬೆದ್ದಲನ್ನು ಗುತ್ತಿಗೆಗೆ ಕೊಟ್ಟ ಒಬ್ಬ ಹಿಡುವಳಿದಾರನಿಗೆ ಮೊದಲ ದರದಲ್ಲಿಯೇ ವರ್ಷಕ್ಕೆ 8 ಲಕ್ಷ 40 ಸಾವಿರ ಕೂತಲ್ಲಿಗೆ ಬರುತ್ತದೆ. ಎರಡು ಎಕರೆಯವನಿಗೆ 42,000. ಭೂಮಿಯಿಲ್ಲದವನಿಗೆ ಏನೂ ಇಲ್ಲ. ಎರಡು ಎಕರೆಯವನು ಕೂಡ ಈ ಏರ್ಪಾಟಿಗೆ ಒಲಿದುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಿತ್ತಿದವನಿಗೆ ಬಿತ್ತನೆಯ ಕಾಯಿಯ ಸಾಲವೇ ಉಳಿಯುತ್ತಿದ್ದಿತು; ಖಚಿತವಾದ ಬಾಡಿಗೆ ಆತನ ಪಾಲಿಗೆ ದೊಡ್ಡ ಸಮಾಧಾನ. ಆದರೆ ಹೊಲವು ಒಡೆಯನೊಬ್ಬನಿಗೆ ಮಾತ್ರ ಅನ್ನ ಕೊಡುತ್ತಿರಲಿಲ್ಲವಷ್ಟೆ. ಕಳೆ ತೆಗೆಯುವ ಕೂಲಿ, ಗಿಡ ಕಿತ್ತು ಕಾಯಿ ಬಿಡಿಸುವ ಕೂಲಿ, ಸುಗ್ಗಿ ಮುಗಿದ ಮೇಲೆ ಬಯಲಾದ ಹೊಲದಲ್ಲಿ ಕುರಿಮಂದೆಯನ್ನು ಮೇಯಿಸಿಕೊಳ್ಳುವ ಸಲುಗೆ, ಮಂದೆ ತರುಬಿದ ರಾತ್ರಿಗಳಿಗೆ ಸಿಗುವ ದವಸ, ಇವು ಯಾವ ಪಹಣಿಯಲ್ಲಿಯೂ ಬರೆದಿಟ್ಟ ಹಕ್ಕುಗಳಲ್ಲ. ಆದುದರಿಂದ ಇವುಗಳಿಗೆ ಬಾಡಿಗೆಯೂ ಇಲ್ಲ, ಪರಿಹಾರವೂ ಇಲ್ಲ. ಬದಲಿಗೆ ಬಂದುದು ಗಾಜಿನ ಹಲಗೆಗಳ ಧೂಳು ತೊಳೆಯುವ, ಅವುಗಳ ನೆರಳಿನಲ್ಲಿ ಬೆಳೆದ ಹುಲ್ಲು ಕೊಯ್ಯುವ, ಬೇಲಿಯ ಬಳಿ ಕಾವಲು ನಿಲ್ಲುವ ಕೆಲಸಗಳು. ಇವೂ ಕೆಲಸಗಳೇ, ಆದರೆ ಹದಿಮೂರು ಸಾವಿರ ಎಕರೆ ಬೇಸಾಯ ಬೇಡುತ್ತಿದ್ದಷ್ಟು ಕೈಗಳನ್ನು ಇವು ಬೇಡುವುದಿಲ್ಲ. ಇನ್ನು ಬಗರ್‌ಹುಕುಂ ಜಮೀನನ್ನು ತಲೆಮಾರಿನಿಂದ ಉತ್ತುಕೊಂಡು ಬಂದು ಸಾಗುವಳಿ ಚೀಟಿಗಾಗಿ ಕಚೇರಿಯ ಕಂಬ ಸುತ್ತುವವನ ಪಾಡು, ತಾತನ ಹೆಸರಿನಲ್ಲಿಯೇ ನಿಂತುಬಿಟ್ಟ ಖಾತೆಯ ಮೊಮ್ಮಗನ ಪಾಡು, ಗಂಡ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಮೈದುನರ ಮುಖ ನೋಡುವ ಹೆಣ್ಣುಮಗಳ ಪಾಡು ಬೇರೆ ಬೇರೆಯಾಗಿಯೇ ಹೇಳಬೇಕಾದವು. ಕಾಗದದಲ್ಲಿ ಹೆಸರಿದ್ದವನೊಡನೆ ಮಾತ್ರ ವ್ಯವಹರಿಸಬಲ್ಲ ಯೋಜನೆಯೊಂದು ಊರಿಗೆ ಬಂದಾಗ, ಮೊದಲೇ ಇದ್ದ ತಾರತಮ್ಯವು ಗಟ್ಟಿಯಾಗಿ ಕೂತುಕೊಳ್ಳುತ್ತದೆ.

ಬಡತನವನ್ನು ಅಳೆಯುವ ವಿದ್ಯೆ ನಮ್ಮ ದೇಶದಲ್ಲಿ ಹುಟ್ಟಿದುದು ಒಂದು ವಾಗ್ವಾದದ ಸಲುವಾಗಿ. ದಾದಾಭಾಯಿ ನವರೋಜಿಯವರು ಕಳೆದದ್ದಕ್ಕಿಂತ ಹಿಂದಿನ ಶತಮಾನದಲ್ಲಿ ಭಾರತೀಯನ ಸರಾಸರಿ ವಾರ್ಷಿಕ ಆದಾಯವು 20 ರೂಪಾಯಿಯೆಂದು ಎಣಿಸಿ, ಅದನ್ನು ಸೆರೆಮನೆಯ ಕೈದಿಯ ಅನ್ನ ಬಟ್ಟೆಗೆ ಸರಕಾರವೇ ಮಾಡುತ್ತಿದ್ದ ಖರ್ಚಿನ ಪಕ್ಕದಲ್ಲಿಟ್ಟು, ಅಪರಾಧಿಗೆ ಸಿಗುವಷ್ಟು ನಿರಪರಾಧಿಗೆ ಸಿಗುತ್ತಿಲ್ಲವೆಂದು ತೋರಿಸಿಕೊಟ್ಟರು. ಅದೇ ಕಾಲಕ್ಕೆ, 1876ರಿಂದ 78ರವರೆಗೆ, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು ಸೀಮೆಯನ್ನು ಹಾಳುಗೆಡವಿತು. ಸ್ವಾತಂತ್ರ್ಯಾನಂತರ ದಾಂಡೇಕರ್ ಮತ್ತು ರಥ್ ಎಂಬ ಇಬ್ಬರು ಪುಣೆಯ ಅರ್ಥಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಅಧ್ಯಯನ, 1979ರಲ್ಲಿ ಹಳ್ಳಿಗೆ 2,400 ಮತ್ತು ಪಟ್ಟಣಕ್ಕೆ 2,100 ಕ್ಯಾಲೊರಿಗಳ ಮೇಲೆ ನಿಲ್ಲಿಸಿದ ರೇಖೆ, 1993ರ ಲಕಡಾವಾಲಾ ಸಮಿತಿ, 2009ರ ತೆಂಡೂಲ್ಕರ್ ಸಮಿತಿ, 2014ರ ರಂಗರಾಜನ್ ಸಮಿತಿ, ಹೀಗೆ ರೇಖೆಯು ಸಮಿತಿಯಿಂದ ಸಮಿತಿಗೆ ಸರಿಯುತ್ತ ಬಂದಿತು. ತೆಂಡೂಲ್ಕರ್ ಕ್ರಮದಂತೆ 2011–12ರಲ್ಲಿ ಕರ್ನಾಟಕದ ಹಳ್ಳಿಯಲ್ಲಿ ತಿಂಗಳಿಗೆ 902 ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡುವವನು ಬಡವನಲ್ಲ. ದಿನಕ್ಕೆ ಮೂವತ್ತು ರೂಪಾಯಿ. ಆ ರೇಖೆಯ ಕೆಳಗೆ ರಾಜ್ಯದ ನೂರರಲ್ಲಿ 21 ಮಂದಿ ಇದ್ದರು.

ಆಮೇಲಿನ ಹತ್ತು ವರ್ಷಗಳಲ್ಲಿ ನಮ್ಮಲ್ಲಿ ಬಡವರೆಷ್ಟು ಎಂಬ ಪ್ರಶ್ನೆಗೆ ಒಂದರೊಡನೊಂದು ಮುಖಾಮುಖಿಯಾಗದ ಉತ್ತರಗಳು ಏಕಕಾಲದಲ್ಲಿ ಚಲಾವಣೆಯಲ್ಲಿವೆ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕವು 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಆಧಾರದ ಮೇಲೆ, ಕರ್ನಾಟಕದಲ್ಲಿ ನೂರಕ್ಕೆ 7.58 ಮಂದಿ ಮಾತ್ರ ಬಡವರೆಂದು ಹೇಳುತ್ತದೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಅದು 12.77 ಆಗಿದ್ದಿತು. ಇತ್ತ ಆಹಾರ ಭದ್ರತಾ ಕಾಯಿದೆಯ ಅಡಿಯಲ್ಲಿ, 2011ರ ಜನಗಣತಿಯ 6.11 ಕೋಟಿ ಜನರ ಪೈಕಿ 4.01 ಕೋಟಿ ಮಂದಿ ಅಕ್ಕಿಗೆ ಅರ್ಹರೆಂದು ಕೇಂದ್ರವೇ ಒಪ್ಪಿಕೊಂಡಿದೆ, ರಾಜ್ಯವು ಅದಕ್ಕೂ ಮೇಲೆ ತನ್ನ ಲೆಕ್ಕದಿಂದ ಕಾರ್ಡುಗಳನ್ನು ಕೊಟ್ಟಿದೆ. ಹದಿಮೂರರಲ್ಲಿ ಒಬ್ಬ ಬಡವನೆನ್ನುವ ಗ್ರಂಥವೂ ಮೂವರಲ್ಲಿ ಇಬ್ಬರಿಗೆ ಪಡಿತರ ಬೇಕೆನ್ನುವ ಕಾಯಿದೆಯೂ ಒಂದೇ ವಿಧಾನಸೌಧದ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತಿವೆ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿಯ ಗದ್ದಲವೆದ್ದಾಗ, ಅನರ್ಹರು ತುಂಬಿಕೊಂಡಿದ್ದಾರೆಂದು ಒಂದು ಪಕ್ಷವೂ ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆಂದು ಇನ್ನೊಂದು ಪಕ್ಷವೂ ಕೂಗಿಕೊಂಡವು. ವರ್ಷಕ್ಕೆ 1 ಲಕ್ಷ 20 ಸಾವಿರದ ಆದಾಯಮಿತಿಯನ್ನು, ವೇತನ ಚೀಟಿಯೇ ಇಲ್ಲದ ಕೂಲಿಕಾರನ ಮನೆಯಲ್ಲಿ ಯಾವ ಉಪಾಯದಿಂದ ಅಳೆಯತಕ್ಕದ್ದೆಂಬುದನ್ನು ಮಾತ್ರ ಯಾರೂ ಎತ್ತಲಿಲ್ಲ. ಕಾರ್ಡಿನ ಬಣ್ಣವೇ ಬಡತನದ ಲಕ್ಷಣವಾಗಿ ಪರಿಣಮಿಸಿರುವ ರಾಜ್ಯದಲ್ಲಿ ಇದು ಸಣ್ಣ ಲೋಪವಲ್ಲ.

ನೀತಿ ಆಯೋಗದ ಸೂಚ್ಯಂಕವನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. ಹಣವೊಂದನ್ನೇ ನೋಡದೆ ಪೋಷಣೆ, ಶಾಲೆ, ಅಡುಗೆಯ ಸೌದೆ, ಶೌಚಾಲಯ, ಮನೆ, ಬ್ಯಾಂಕಿನ ಖಾತೆ ಎಂದು ಹನ್ನೆರಡು ಮಾಪನಗಳಿಂದ ಮನೆಯೊಂದನ್ನು ಪರೀಕ್ಷಿಸುವುದು ಹಿಂದಿನ ಕ್ಯಾಲೊರಿಗಳ ಲೆಕ್ಕಕ್ಕಿಂತ ಎಷ್ಟೋ ಮೇಲು. ಆದರೆ ಆ ಹನ್ನೆರಡರಲ್ಲಿ ಒಂದಾದ ಕುಡಿಯುವ ನೀರನ್ನು ಪಾವಗಡಕ್ಕೆ ತಂದು ನೋಡಬೇಕು. ಸುಧಾರಿತ ಜಲಮೂಲವಿದ್ದು, ಹೋಗಿ ತಂದು ಹಿಂದಿರುಗಲು ಅರ್ಧ ಗಂಟೆ ಹಿಡಿಯದಿದ್ದರೆ ಆ ಮನೆಗೆ ನೀರಿನ ಬಡತನವಿಲ್ಲವೆಂಬುದು ಸೂಚ್ಯಂಕದ ನಿಯಮ. ಕೊಳವೆಬಾವಿಯು ಸುಧಾರಿತ ಜಲಮೂಲವೇ ಆಗಿದೆ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿದೆಯೆಂಬುದು ಈ ಸೀಮೆಯ ಹಳೆಯ ಕಥೆ. ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ದಾಟಿದ ಫ್ಲೋರೈಡು ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೀರಾಗಿ ಕಾಣಿಸಿಕೊಂಡು, ವರ್ಷಗಳು ಕಳೆದಂತೆ ಕೀಲುಗಳಿಗೆ ಇಳಿದು, ಬೆನ್ನನ್ನು ಸೆಟೆಸಿ, ದುಡಿಯಬಲ್ಲ ದೇಹವನ್ನು ನಡುವಯಸ್ಸಿನಲ್ಲಿಯೇ ಮುದಿಯಾಗಿಸುತ್ತದೆ. ಕೆಳಗೆ ಕುಳಿತು ಕಡಲೆಕಾಯಿ ಬಿಡಿಸಲಾರದ, ಬಗ್ಗಿ ಕಳೆ ಕೀಳಲಾರದ ಹೆಂಗಸಿಗೆ ಕೂಲಿಯೂ ತಪ್ಪುತ್ತದೆ. ಆಕೆಯ ಮನೆಯ ಮುಂದೆ ನಲ್ಲಿಯಿದೆ, ಆದುದರಿಂದ ಸಮೀಕ್ಷಕನು ನೀರಿನ ಅಂಕಣದಲ್ಲಿ ಕೊರತೆಯಿಲ್ಲವೆಂದು ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತಾನೆ. ಊರಿಗೊಂದು ಶುದ್ಧ ನೀರಿನ ಘಟಕ ಬಂದಿರುವಲ್ಲಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನನ್ನು ತುಂಬಿಕೊಳ್ಳಬಹುದು. ಯಂತ್ರ ಕೆಟ್ಟ ದಿನಗಳಲ್ಲಿ ದ್ವಿಚಕ್ರವಾಹನವುಳ್ಳವರು ಮುಂದಿನ ಊರಿನಿಂದ ತಂದುಕೊಳ್ಳುತ್ತಾರೆ, ಇಲ್ಲದವರು ಕೊಳವೆಬಾವಿಯ ನೀರನ್ನೇ ಕುಡಿಯುತ್ತಾರೆ. ಒಂದೇ ಬೀದಿಯ ಎರಡು ಮನೆಗಳ ನಡುವಣ ಈ ಭೇದವು ಯಾವ ಸೂಚ್ಯಂಕದ ಅಂಕಣದಲ್ಲಿಯೂ ದಾಖಲಾಗುವುದಿಲ್ಲ. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಗೆ ಸಾವಿರಾರು ಕೋಟಿ ರೂಪಾಯಿ ವೆಚ್ಚವಾಗಿರುವುದೇ ಆ ಭೇದಕ್ಕೆ ಸರಕಾರ ಕೊಟ್ಟ ಸಾಕ್ಷ್ಯವೆನ್ನಬಹುದು. ಎಂಜಿನಿಯರುಗಳಿಗೆ ಕಂಡುದು ಸಂಖ್ಯಾಶಾಸ್ತ್ರಜ್ಞರಿಗೆ ಕಾಣಲಿಲ್ಲವೆಂದರೆ ವಿಚಿತ್ರವಲ್ಲವೆ?

ರಾಜ್ಯದೊಳಗಿನ ಅಸಮಾನತೆಯನ್ನು ತಾಲ್ಲೂಕಿನ ಮಟ್ಟದಲ್ಲಿ ಅಳೆದು ತೋರಿಸಿದ ಶ್ರೇಯಸ್ಸು ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಗೆ ಸಲ್ಲಬೇಕು. 2000ದಲ್ಲಿ ನೇಮಕಗೊಂಡು 2002ರ ಜೂನ್‌ನಲ್ಲಿ ವರದಿ ಒಪ್ಪಿಸಿದ ಆ ಸಮಿತಿಯು, ನೀರಾವರಿಯ ಪ್ರಮಾಣ, ಬ್ಯಾಂಕ್ ಶಾಖೆಗಳು, ಮೋಟಾರು ವಾಹನಗಳು, ದೂರವಾಣಿಗಳು, ಶಾಲೆ ತಪ್ಪಿದ ಮಕ್ಕಳು ಮೊದಲಾದ 35 ಸೂಚಕಗಳನ್ನು ಹಿಡಿದು, ರಾಜ್ಯದ ಸರಾಸರಿಯನ್ನು ಒಂದು ಎಂದು ಇಟ್ಟುಕೊಂಡು, 175 ತಾಲ್ಲೂಕುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ತೂಕದಲ್ಲಿ 114 ತಾಲ್ಲೂಕುಗಳು ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಉತ್ತರ ಕರ್ನಾಟಕವು ಹಿಂದುಳಿದಿದೆ, ದಕ್ಷಿಣವು ಮುಂದುವರಿದಿದೆ ಎಂಬ ಸುಲಭದ ಮಾತಿಗೆ ಆ ಪಟ್ಟಿ ಅಂಕುಶ ಹಾಕಿತು, ಏಕೆಂದರೆ ಮೂವತ್ತೊಂಬತ್ತರಲ್ಲಿ ಹದಿಮೂರು ತಾಲ್ಲೂಕುಗಳು ದಕ್ಷಿಣದಲ್ಲಿಯೇ ಇದ್ದವು. ಮಧುಗಿರಿ, ಶಿರಾ, ಪಾವಗಡ ಮೂರೂ ಆ ಹದಿಮೂರರೊಳಗಿನವು. ಕಲಬುರಗಿ ವಿಭಾಗಕ್ಕೆ ಸಂವಿಧಾನದ 371ಜೆ ವಿಧಿಯ ರಕ್ಷಣೆ 2013ರ ಅಕ್ಟೋಬರಿನಿಂದ ದೊರೆಯಿತು, ದೊರೆಯಬೇಕಾದುದೇ. ಅದೇ ಪಟ್ಟಿಯಲ್ಲಿ ಅದೇ ಹಣೆಪಟ್ಟಿ ಹೊತ್ತ ಪಾವಗಡವು ದಕ್ಷಿಣದ ಜಿಲ್ಲೆಯೊಂದಕ್ಕೆ ಸೇರಿದ ಕಾರಣದಿಂದ ಹೊರಗೆ ಉಳಿಯಿತು. ವಿಶೇಷ ಅಭಿವೃದ್ಧಿ ಯೋಜನೆಯ ಹಣ ಮಾತ್ರ ಬಂದಿತು, ಬರಬೇಕಾದಷ್ಟು ಬಂದಿತೆ ಎಂಬುದು ಬೇರೆಯ ಪ್ರಶ್ನೆ.

ನಂಜುಂಡಪ್ಪನವರ ಅಳತೆಗೋಲಿಗೆ ಈಗ ಇಪ್ಪತ್ತು ವರ್ಷಗಳಿಗೂ ಮೇಲಾಗಿದೆ. ಆಗ ದೂರವಾಣಿಯು ಮುಂದುವರಿದುದರ ಗುರುತಾಗಿದ್ದಿತು. ಈಗ ಕುರಿ ಕಾಯುವ ಹುಡುಗನ ಜೇಬಿನಲ್ಲಿಯೂ ಫೋನಿದೆ, ಆದರೆ ಆತನ ಮಂದೆಗೆ ಮೇವಿನ ಬಯಲಿಲ್ಲ. ಮುಖ್ಯವಾದ ತೊಡಕು ಇದಕ್ಕಿಂತ ಆಳವಾದದ್ದು. ತಾಲ್ಲೂಕಿನಲ್ಲಿ ಏನೇನಿದೆ ಎಂಬುದನ್ನು ಆ ಸೂಚಕಗಳು ಎಣಿಸಿದವು. ಇರುವುದು ತಾಲ್ಲೂಕಿನೊಳಗೆ ಯಾರಿಗೆ ಎಟಕುತ್ತದೆ ಎಂಬುದನ್ನು ಎಣಿಸುವುದು ಅವುಗಳ ಉದ್ದೇಶವೇ ಆಗಿರಲಿಲ್ಲ. ತಾಲ್ಲೂಕು ತಾಲ್ಲೂಕುಗಳ ನಡುವಣ ಅಂತರವನ್ನು ಅವರು ನಮಗೆ ಕಾಣಿಸಿದರು. ತಾಲ್ಲೂಕಿನ ಹೊಟ್ಟೆಯೊಳಗಿನ ಅಂತರವು ಮುಂದಿನವರಿಗೆ ಬಿಟ್ಟ ಕೆಲಸ. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸರಕಾರವು ಪ್ರಾದೇಶಿಕ ಅಸಮತೋಲನದ ಪುನರ್‌ವಿಮರ್ಶೆಗೆ ಹೊಸ ಸಮಿತಿಯನ್ನು ರಚಿಸಿದಾಗ ನನ್ನಂಥವರು ಬಯಸಿದ್ದು ಈ ಒಳಗಿನ ಅಳತೆಯನ್ನೇ. ಸಮಿತಿಗಳು ಏನನ್ನೇ ಹೇಳಲಿ, ಹಣ ಹಂಚುವಾಗ ಯಾವ ಅಂಕಿಯನ್ನು ಮುಂದಿಟ್ಟುಕೊಳ್ಳಬೇಕೆಂದು ತೀರ್ಮಾನಿಸುವವರು ಮಂತ್ರಿಮಂಡಲದವರು. ಆದುದರಿಂದ ಮಾತನ್ನು ಅವರಿಗೇ ಹೇಳಬೇಕಾಗಿದೆ.

ಸರಾಸರಿಯ ಮೋಸವು ಮೇಲಿನಿಂದಲೇ ಪ್ರಾರಂಭವಾಗುತ್ತದೆ. 2021–22ರ ಲೆಕ್ಕದಂತೆ ಬೆಂಗಳೂರು ನಗರ ಜಿಲ್ಲೆಯ ತಲಾದಾಯವು ಆರು ಲಕ್ಷವನ್ನು ಮೀರಿದ್ದಾಗ ಕಲಬುರಗಿಯದು ಒಂದೂಕಾಲು ಲಕ್ಷದ ಆಸುಪಾಸಿನಲ್ಲಿದ್ದಿತು. ಇಬ್ಬರನ್ನೂ ಕೂಡಿಸಿ ಭಾಗಿಸಿ ಕರ್ನಾಟಕವು ದೇಶದ ಶ್ರೀಮಂತ ರಾಜ್ಯಗಳಲ್ಲೊಂದೆಂದು ನಾವು ಬೀಗುತ್ತೇವೆ. ತುಮಕೂರು ಜಿಲ್ಲೆಯೊಳಗೆ ಇದೇ ಆಟವು ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶವೂ, 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯೂ ಜಿಲ್ಲೆಯ ಅಂಕಿಯನ್ನು ಎತ್ತಿ ಹಿಡಿಯುತ್ತವೆ. ಜಿಲ್ಲಾ ಕೇಂದ್ರದಿಂದ ನೂರು ಕಿಲೋಮೀಟರಿಗೂ ಮೇಲ್ಪಟ್ಟು ದೂರವಿರುವ ನಾಗಲಮಡಿಕೆಯ ಕೂಲಿಯವಳು ಆ ಅಂಕಿಯಲ್ಲಿ ಪಾಲುಗಾರಳಾಗುತ್ತಾಳೆಯೇ ಹೊರತು ಆ ಸಂಬಳದಲ್ಲಿ ಅಲ್ಲ. ಒಂದೇ ಉಪವಿಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿಯೂ ಸ್ಥಿತಿ ಏಕರೂಪವಲ್ಲ. ಶಿರಾ ಪಟ್ಟಣದ ಮಗ್ಗುಲಲ್ಲಿ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿ ಅಲ್ಲಿನ ನಿವೇಶನಗಳ ಬೆಲೆ ಮುಗಿಲು ಮುಟ್ಟಿದೆ. ಪಾವಗಡದ ಜನರು ತುಮಕೂರು–ರಾಯದುರ್ಗ ರೈಲಿನ ಮಾತನ್ನು ಕೇಳುತ್ತ ಕೇಳುತ್ತ ಒಂದು ತಲೆಮಾರು ಕಳೆದಿದ್ದಾರೆ.

ಕೆಳಗಿನ ಮಟ್ಟದ ಅಂಕಿ ಏಕೆ ಸಿಗುವುದಿಲ್ಲವೆಂಬುದಕ್ಕೆ ತಾಂತ್ರಿಕ ಕಾರಣವೊಂದಿದೆ. 2023–24ರ ಕುಟುಂಬ ವೆಚ್ಚ ಸಮೀಕ್ಷೆಗೆ ಇಡೀ ದೇಶದಲ್ಲಿ ಆರಿಸಿಕೊಂಡ ಮನೆಗಳು ಸುಮಾರು 2 ಲಕ್ಷ 62 ಸಾವಿರ. ಅದರಿಂದ ಕರ್ನಾಟಕದ ಹಳ್ಳಿಯವನ ತಿಂಗಳ ತಲಾ ವೆಚ್ಚ 4,903 ರೂಪಾಯಿ, ಪಟ್ಟಣಿಗನದು 8,076 ರೂಪಾಯಿ ಎಂದು ತಿಳಿದುಬಂದಿತು. ರಾಜ್ಯಕ್ಕೆ ಇದು ಸಾಲುವ ಮಾದರಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬ ಮಾತು, ಒಂದೇ ಬೆಂಕಿಯ ಮೇಲೆ ಒಂದೇ ಸಮನೆ ಕುದಿದ ಪಾತ್ರೆಗೆ ಮಾತ್ರ ಸಲ್ಲುವಂಥದು. ನಮ್ಮ ರಾಜ್ಯವೆಂಬ ಪಾತ್ರೆಯ ತಳ ಸೀದಿದೆ, ಅಂಚು ಹಸಿಯಾಗಿದೆ. ಅದರ ಮೇಲೆ, 1905ರಲ್ಲಿ ಲೊರೆನ್ಸ್ ಎಳೆದ ಗೆರೆಯನ್ನೂ 1912ರಲ್ಲಿ ಗಿನಿ ಕೊಟ್ಟ ಗುಣಕವನ್ನೂ ಆಧರಿಸಿ ನಾವು ಅಳೆಯುವುದು ಬಹುಮಟ್ಟಿಗೆ ವೆಚ್ಚದ ಅಸಮಾನತೆಯನ್ನು. ಉಳ್ಳವನು ತನ್ನ ಆದಾಯದ ದೊಡ್ಡ ಪಾಲನ್ನು ಉಳಿಸುತ್ತಾನೆ, ಇಲ್ಲದವನು ಸಾಲ ಮಾಡಿಯಾದರೂ ಉಣ್ಣುತ್ತಾನೆ. ಆದುದರಿಂದ ವೆಚ್ಚದ ಲೆಕ್ಕದಲ್ಲಿ ಇಬ್ಬರೂ ಇರುವುದಕ್ಕಿಂತ ಹತ್ತಿರದವರಂತೆ ಕಾಣುತ್ತಾರೆ. ಸಮೀಕ್ಷಕನು ಊರಿಗೆ ಬಂದ ದಿನ ಬಾಗಿಲಿಗೆ ಬೀಗ ಹಾಕಿಕೊಂಡು ಬೆಂಗಳೂರಿಗೆ ಕೂಲಿಗೆ ಹೋದ ಕುಟುಂಬವಂತೂ ಇಲ್ಲಿಯ ಲೆಕ್ಕಕ್ಕೂ ಬರುವುದಿಲ್ಲ, ಅಲ್ಲಿಯ ತಗಡಿನ ಶೆಡ್ಡಿನಲ್ಲಿ ಸರಿಯಾಗಿ ಸಿಕ್ಕುವುದೂ ಇಲ್ಲ. ಜನಸಂಖ್ಯೆಯ ಅಂಕಿಯಾದರೂ 2011ರ ಗಣತಿಯ ಮೇಲೆ ಊಹೆಯಿಂದ ಹಿಗ್ಗಿಸಿಕೊಂಡು ಬಂದದ್ದು. ಮುಂದಿನ ಗಣತಿ 2027ಕ್ಕೆ ಗೊತ್ತಾಗಿದೆ.

ಇಷ್ಟು ಸೂಕ್ಷ್ಮದ ಅಳತೆ ಬೇಕೆ, ಅಳೆಯುವ ಹಣದಲ್ಲಿಯೇ ನಾಲ್ಕು ಶಾಲೆ ಕಟ್ಟಬಾರದೆ ಎಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಶಾಲೆಯನ್ನು ಯಾವ ಊರಿನಲ್ಲಿ ಕಟ್ಟಬೇಕೆಂಬುದಕ್ಕೂ ಅಳತೆಯೇ ಬೇಕು. ಅಳತೆಯಿಲ್ಲದ ಕಡೆ ಶಾಸಕರ ಪ್ರಭಾವವೇ ಅಳತೆಗೋಲಾಗುತ್ತದೆ. ಇನ್ನೊಂದು ಅಡ್ಡಿಯನ್ನು ಬಾಯಿಬಿಟ್ಟು ಹೇಳುವವರು ಕಡಮೆ. ತಾಲ್ಲೂಕು ‘ಅತ್ಯಂತ ಹಿಂದುಳಿದ’ ಎಂಬ ಪಟ್ಟಿಯಲ್ಲಿರುವವರೆಗೆ ಅನುದಾನ ಬರುತ್ತದೆ, ಗುತ್ತಿಗೆ ಕಾಮಗಾರಿ ನಡೆಯುತ್ತದೆ. ಒಳಗಿನ ಹೋಬಳಿಗಳನ್ನು ಬಿಡಿಸಿ ಅಳೆದರೆ, ತಾಲ್ಲೂಕು ಕೇಂದ್ರದ ಸುತ್ತಣ ಹಳ್ಳಿಗಳು ಪಟ್ಟಿಯಿಂದ ಹೊರಬಿದ್ದು, ದೂರದ ಬಡ ಹಳ್ಳಿಗಳಿಗೆ ಹಣವು ಹೋಗಬೇಕಾಗುತ್ತದೆ. ಹಿಂದುಳಿದಿರುವಿಕೆಯೂ ಒಂದು ಆಸ್ತಿಯೇ ಆಗಿ, ಅದನ್ನು ಇಡಿಯಾಗಿ ಉಳಿಸಿಕೊಳ್ಳುವುದರಲ್ಲಿ ಕೆಲವರಿಗೆ ಹಿತವಿದೆ.

ಹೊಸದಾಗಿ ಮನೆಮನೆ ಸುತ್ತಬೇಕಾದ ಅಗತ್ಯವೂ ಅಷ್ಟಾಗಿಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಕ್ಕೆ ಏರಿ ಇಪ್ಪತ್ತು ವರ್ಷಗಳು ಮೀರಿವೆ. ಪಡಿತರದ ಪಟ್ಟಿ ಆಹಾರ ಇಲಾಖೆಯಲ್ಲಿದೆ. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ಮನೆಗೆ ಹೋಗುತ್ತದೆಂಬುದು ಗೊತ್ತಿದೆ. ಕುಟುಂಬಕ್ಕೊಂದು ಗುರುತಿನ ಸಂಖ್ಯೆಯನ್ನು ಕೊಡುವ ‘ಕುಟುಂಬ’ ತಂತ್ರಾಂಶವಿದೆ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗವು ಮನೆಮನೆಗೆ ಶಿಕ್ಷಕರನ್ನು ಕಳುಹಿಸಿ ಅರವತ್ತು ಪ್ರಶ್ನೆಗಳನ್ನು ಕೇಳಿಸಿದೆ. ಇವುಗಳಲ್ಲಿ ಪ್ರತಿಯೊಂದೂ ತನ್ನ ತನ್ನ ಇಲಾಖೆಯ ಬೀಗದೊಳಗಿದೆ. ವ್ಯಕ್ತಿಗಳ ಹೆಸರುಗಳನ್ನು ಅಳಿಸಿ, ಮೊತ್ತಗಳನ್ನು ಮಾತ್ರ ಹೋಬಳಿವಾರಾಗಿ ಜೋಡಿಸಿದರೆ, ಭೂಮಿಯಿಲ್ಲದ ಮನೆಗಳೆಷ್ಟು, ಭೂಮಿಯಿದ್ದೂ ಖಾತೆಯಿಲ್ಲದವೆಷ್ಟು, ಹೋಬಳಿಯ ಮೇಲಿನ ಹತ್ತನೆಯ ಒಂದು ಪಾಲಿನವರ ಹಿಡಿತದಲ್ಲಿರುವ ನೆಲವೆಷ್ಟು, ನೀರಿನ ಪರೀಕ್ಷೆಯಲ್ಲಿ ಸೋತ ಬಾವಿಯನ್ನೇ ನಂಬಿರುವವರೆಷ್ಟು ಎಂಬುದು ಕೆಲವೇ ತಿಂಗಳುಗಳಲ್ಲಿ ಗೊತ್ತಾದೀತು. ಬೆಂಗಳೂರಿನ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಂಥ ವಿದ್ವತ್ಪೀಠವಿರುವ ರಾಜ್ಯಕ್ಕೆ ಈ ಕಾರ್ಯವು ಅಸಾಧ್ಯವೆಂದರೆ ನಂಬತಕ್ಕ ಮಾತಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು ಬ್ರಿಟಿಷರ ಕಾಲದಲ್ಲಿಯೇ, ಇದಕ್ಕಿಂತ ಎಷ್ಟೋ ಕಡಮೆ ದಾಖಲೆಗಳಿಂದ, ಕಟ್ಟಿ ನಿಲ್ಲಿಸಿದವರು ಆ ರಾವ್ ಅವರೇ ಅಲ್ಲವೆ?

ಲೆಕ್ಕ ಸಿದ್ಧವಾದ ಮೇಲೆ ಅದನ್ನು ಮೊದಲು ಓದಬೇಕಾದುದು ಗ್ರಾಮಸಭೆಯಲ್ಲಿ. ತಮ್ಮ ಹೋಬಳಿಯಲ್ಲಿ ಹುಟ್ಟಿದ ವಿದ್ಯುತ್ತಿನ ಬೆಲೆಯಿಷ್ಟು, ಬಾಡಿಗೆಯಾಗಿ ಊರಿಗೆ ಬಂದದ್ದಿಷ್ಟು, ಅದರಲ್ಲಿ ಐದು ಎಕರೆಗಿಂತ ಕಡಮೆಯವರ ಪಾಲಿಗೆ ಇಷ್ಟು, ನೆಲವಿಲ್ಲದವರ ಪಾಲಿಗೆ ಸೊನ್ನೆ ಎಂದು ಪಂಚಾಯತಿಯ ಪಿಡಿಒ ಎದ್ದು ನಿಂತು ಓದಿದರೆ, ತಿರುಮಣಿ ವಳ್ಳೂರುಗಳ ಜನರು ಅದರಲ್ಲಿನ ತಪ್ಪನ್ನು ಅಲ್ಲಿಯೇ ತಿದ್ದಿಯಾರು. ಯಾರ ಮನೆಯ ಹೆಸರು ತಪ್ಪಿದೆ, ಯಾರ ಬಾವಿ ಬತ್ತಿದೆ ಎಂಬುದು ಅವರಿಗಿಂತ ಚೆನ್ನಾಗಿ ಯಾವ ಸಮೀಕ್ಷಕನಿಗೂ ತಿಳಿದಿರಲಾರದು. ವಿಶೇಷ ಅಭಿವೃದ್ಧಿಯ ಮುಂದಿನ ಕಂತನ್ನು ಹಂಚುವಾಗ ಆ ಓದಿಗೆ ಒಪ್ಪಿಗೆ ಬಿದ್ದ ಅಂಕಿಯನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದೆಂದು ಸರಕಾರವು ಆಜ್ಞೆ ಹೊರಡಿಸಲಿ; ಪಾರ್ಕಿನ ಐದು ಗ್ರಾಮಗಳ ಭೂಹೀನ ಮನೆಗಳನ್ನು ಎಣಿಸುವುದರಿಂದ ಆ ಕೆಲಸವನ್ನು ಪ್ರಾರಂಭಿಸಬಹುದು.